ನಡೀತಿದೆಯಲ್ಲ, ಬಿಡು: ಕಂಪೈಲರ್ ಅಳಿಸಿಹಾಕಿದ ಒಂದು ಸಾಲು

(ಪುಣೆಯಲ್ಲಿ ಕನ್ನಡದಲ್ಲಿ ನಡೆದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇವೆ. ತೆರೆಯ ಮೇಲೆ ತೋರಿಸಿದ ಕೋಡನ್ನು ಇಲ್ಲಿ ಮಾತಿನಲ್ಲೇ ಕೊಟ್ಟಿದ್ದೇವೆ.)

ಹಿಂದೆ ಕೂತವರಿಗೆ ಕೇಳಿಸ್ತಿದೆಯಾ? ಸರಿ. ಶನಿವಾರ ಸಂಜೆ, ಅದೂ ಈ ಮಳೆಯಲ್ಲಿ, ಹಿಂಜವಡಿಯಿಂದ ಕೊಥ್ರೂಡಿನ ತನಕ ಬಂದಿದ್ದೀರಿ. ಹಾಗಾಗಿ ನಿಮ್ಮ ಸಮಯ ವ್ಯರ್ಥ ಮಾಡಲ್ಲ, ನೇರ ವಿಷಯಕ್ಕೆ ಬರ್ತೀನಿ.

ಮೊದಲು ಒಂದು ಪ್ರಶ್ನೆ. ಐ ಅನ್ನೋ ವೇರಿಯಬಲ್‌ನಲ್ಲಿ 5 ಇದೆ. ಐ ಪ್ಲಸ್ ಪ್ಲಸ್, ಪ್ಲಸ್, ಪ್ಲಸ್ ಪ್ಲಸ್ ಐ. ಇದನ್ನ ಮತ್ತೆ ಐಗೇ ಹಾಕಿದರೆ ಉತ್ತರ ಎಷ್ಟು? ಈ ಪ್ರಶ್ನೆಯನ್ನ ಕಾಲೇಜಿನಲ್ಲೋ ಇಂಟರ್‌ವ್ಯೂನಲ್ಲೋ ಎದುರಿಸಿದವರು ಕೈ ಎತ್ತಿ. (ನಗು) ನೋಡಿ, ಹೆಚ್ಚುಕಡಿಮೆ ಎಲ್ಲರೂ. ಇದಕ್ಕೆ ಉತ್ತರ ಬರೆದು ಅಂಕ ತಗೊಂಡವರೂ ಇದ್ದೀರಿ. ನಾನೂ ತಗೊಂಡಿದ್ದೀನಿ. ಸಿ ಭಾಷೆಯಲ್ಲಿ ಈ ಪ್ರಶ್ನೆಗೆ ಉತ್ತರವೇ ಇಲ್ಲ. ಉತ್ತರ ಇಲ್ಲದ ಪ್ರಶ್ನೆಗೆ ಅಂಕ ತಗೊಂಡ ನಮ್ಮ ತಲೆಮಾರಿಗೆ ಅದರ ಬಡ್ಡಿ ಎಲ್ಲಿ ಕಟ್ಟಬೇಕಾಗುತ್ತೆ ಅನ್ನೋದೇ ಇವತ್ತಿನ ಮಾತು.

ಹಾಲಿನ ಕಥೆ

ನಾನು ಎಂಬೆಡೆಡ್ ಕೆಲಸ ಮಾಡೋನು. ಸಣ್ಣ ಮೈಕ್ರೋಕಂಟ್ರೋಲರ್‌ಗಳಿಗೆ ಸಿ ಬರೆಯೋದು ನನ್ನ ಹೊಟ್ಟೆಪಾಡು. ಕಂಪನಿ ಹೆಸರು ಬೇಡ. ಹಳ್ಳಿಯ ಹಾಲಿನ ಡೈರಿಗಳಲ್ಲಿ ಹಾಲು ತಂಪು ಮಾಡೋ ದೊಡ್ಡ ಸ್ಟೀಲ್ ಟ್ಯಾಂಕ್ ಇರುತ್ತಲ್ಲ, ಅದರ ಕಂಪ್ರೆಸರ್ ನಡೆಸೋ ಕಂಟ್ರೋಲರ್ ಬೋರ್ಡ್ ನಮ್ಮ ತಂಡದ್ದು.

ಕಂಪ್ರೆಸರ್ ನಿಂತ ಮೇಲೆ ತಕ್ಷಣ ಮತ್ತೆ ಚಾಲೂ ಮಾಡಬಾರದು. ಒಳಗಿನ ಒತ್ತಡ ಇಳಿಯೋಕೆ ಸಮಯ ಕೊಡಬೇಕು. ಇಲ್ಲದಿದ್ರೆ ಮೋಟರ್ ತಿಣುಕುತ್ತೆ, ರಿಲೇ ಟ್ರಿಪ್ ಆಗುತ್ತೆ. ನಮ್ಮ ಕೋಡ್ ಐದು ನಿಮಿಷ ಕಾಯುತ್ತಿತ್ತು. ಹೇಗೆ? ಬೋರ್ಡ್ ಚಾಲೂ ಆದಾಗಿನಿಂದ ಎಷ್ಟು ಮಿಲಿಸೆಕೆಂಡ್ ಆಯ್ತು ಅಂತ 32 ಬಿಟ್‌ನ ಸೈನ್ಡ್ ಇಂಟಿಜರ್ ಒಂದರಲ್ಲಿ ಎಣಿಕೆ ಇರುತ್ತೆ. ಅದಕ್ಕೆ 'ಈಗ' ಅಂತ ಹೆಸರಿಡೋಣ. 'ಈಗ'ಕ್ಕೆ 3,00,000 ಕೂಡಿಸಿದರೆ 'ಕೊನೆ'. 'ಈಗ' ಬೆಳೆದು 'ಕೊನೆ'ಯನ್ನ ಮುಟ್ಟಿದರೆ ಕಾದಾಯ್ತು.

ಆದರೆ ಈ ಇಂಟಿಜರ್ 2,14,74,83,647ರ ತನಕ ಮಾತ್ರ ಹೋಗುತ್ತೆ. ಅದರಾಚೆ ಒಂದು ಕೂಡಿಸಿದರೆ ಹಾರ್ಡ್‌ವೇರ್‌ನಲ್ಲಿ ಅದು ಸುತ್ತು ಹೊಡೆದು ದೊಡ್ಡ ಋಣ ಸಂಖ್ಯೆ ಆಗುತ್ತೆ. ಇದು ನಮ್ಮ ಹಿರಿಯ ಎಂಜಿನಿಯರಿಗೆ ಗೊತ್ತಿತ್ತು. ಅದಕ್ಕೇ ಅವರು ಒಂದು ಸಾಲು ಬರೆದಿದ್ರು: 'ಕೊನೆ'ಯು 'ಈಗ'ಕ್ಕಿಂತ ಚಿಕ್ಕದಾಗಿದ್ದರೆ ಸುತ್ತು ಹೊಡೆದಿದೆ, ಬೇರೆ ದಾರಿಯಲ್ಲಿ ಕಾಯಿ. ಜಾಣ ಸಾಲು. ಹತ್ತು ವರ್ಷ ನಡೀತು.

2021ರಲ್ಲಿ ಚಿಪ್ ಸಿಗದ ಕಾಲ ಬಂತು, ನಿಮಗೆಲ್ಲ ನೆನಪಿದೆ. ನಾವೂ ಬೇರೆ ಮೈಕ್ರೋಕಂಟ್ರೋಲರ್‌ಗೆ ಹೋದ್ವಿ. ಚಿಪ್ ಜೊತೆ ಕಂಪೈಲರ್ ಕೂಡ ಬದಲಾಯ್ತು: ಹೊಸ ಜಿಸಿಸಿ, ಓ-2 ಆಪ್ಟಿಮೈಸೇಶನ್. ಆಗ ನಮ್ಮ ತಂಡಕ್ಕೆ ಗದಗಿನ ಕಡೆಯ ಒಬ್ಬ ಹುಡುಗಿ ಹೊಸದಾಗಿ ಸೇರಿದ್ರು. ರಿವ್ಯೂನಲ್ಲಿ ಆ ಸಾಲು ನೋಡಿ ಕೇಳಿದ್ರು: "ಸರ್, ಇದು ಅನ್‌ಡಿಫೈನ್ಡ್ ಆಗ್ತದಲ್ರೀ?" ನಾನು ಎಂಟೆಕ್ ಮಾಡಿದೋನು, ಕಂಪೈಲರ್ ವಿಷಯದಲ್ಲಿ ಒಳ್ಳೆ ಅಂಕ ಬಂದಿತ್ತು. ನಾನು ಹೇಳಿದ್ದು: "ಹತ್ತು ವರ್ಷದಿಂದ ನಡದೈತಿ, ಅದನ್ಯಾಕ ಮುಟ್ತಿ, ಬಿಡು." ಅವರು ಬಿಟ್ಟರು.

ಬೆಂಚಿನ ಮೇಲೆ ಒಂದು ವಾರ ಟೆಸ್ಟ್ ಮಾಡಿದ್ವಿ. ಎಲ್ಲ ಸರಿ. ಬೋರ್ಡುಗಳು ಊರೂರಿಗೆ ಹೋದವು.

ನಾಲ್ಕು ತಿಂಗಳಾದ ಮೇಲೆ ಕೊಲ್ಲಾಪುರದಾಚೆಯ ಒಂದು ಹಳ್ಳಿಯಿಂದ ದೂರು ಬಂತು. ಸಂಜೆಯ ಹಾಲು ಸುರಿದಿದ್ದಾರೆ, ಇನ್ನೂ ಪೂರ್ತಿ ತಂಪಾಗಿಲ್ಲ. ರಾತ್ರಿ ಎಂಟರ ಸುಮಾರಿಗೆ ಕರೆಂಟ್ ಇಪ್ಪತ್ತು ಸೆಕೆಂಡ್ ಹೋಗಿ ಬಂತು. ಕಂಟ್ರೋಲರ್‌ಗೆ ಬ್ಯಾಟರಿ ಇದೆ, ಅದು ಎಣಿಸ್ತಾನೇ ಇತ್ತು. ಕರೆಂಟ್ ಬಂದ ಕೂಡಲೇ ಕಾಯದೆ ಕಂಪ್ರೆಸರ್ ಚಾಲೂ ಮಾಡಿತು. ರಿಲೇ ಟ್ರಿಪ್. ಡೈರಿಯವನು ಬಾಗಿಲು ಹಾಕ್ಕೊಂಡು ಮನೆಗೆ ಹೋಗಿದ್ದ. ಬೆಳಿಗ್ಗೆ ಬಂದು ಮುಚ್ಚಳ ತೆಗೆದರೆ ಹಾಲು ಹುಳಿ. ಟ್ಯಾಂಕರ್‌ನವರು ತಗೊಳ್ಳಲಿಲ್ಲ. ದುಡ್ಡು ಕಂಪನಿ ಕಟ್ಟಿಕೊಟ್ಟಿತು, ನಿಜ. ಆದರೆ ಮನೆಮನೆಯಿಂದ ಕ್ಯಾನಿನಲ್ಲಿ ತಂದು ಸುರಿದ ಹಾಲು ಗಟಾರಕ್ಕೆ ಹೋಯ್ತು.

ಲಾಗ್ ತರಿಸಿ ನೋಡಿದ್ವಿ. ಆ ಹೊತ್ತಿಗೆ ಬೋರ್ಡ್ ಚಾಲೂ ಆಗಿ 24 ದಿನ, 20 ಗಂಟೆ, 29 ನಿಮಿಷ. ಅದೇ ಹುಡುಗಿ ಕ್ಯಾಲ್ಕುಲೇಟರ್ ತೆಗೆದು, ಎರಡರ ಘಾತ 31 ಮಿಲಿಸೆಕೆಂಡ್ ಅಂದ್ರೆ ಎಷ್ಟು ಅಂತ ಲೆಕ್ಕ ಹಾಕಿದ್ರು. 24 ದಿನ, 20 ಗಂಟೆ, 31 ನಿಮಿಷ, 23 ಸೆಕೆಂಡ್. ಕರೆಂಟ್ ಹೋಗಿದ್ದು ಎಣಿಕೆ ಸುತ್ತು ಹೊಡೆಯೋ ಮುಂಚಿನ ಐದು ನಿಮಿಷದೊಳಗೆ. ಆಮೇಲೆ ಅವರು ಅಸೆಂಬ್ಲಿ ತೆಗೆದು ತೋರಿಸಿದ್ರು. ಆ ಜಾಣ ಸಾಲು ಅಲ್ಲಿ ಇಲ್ಲವೇ ಇಲ್ಲ. ಹೋಲಿಕೆಯ ಒಂದು ಇನ್‌ಸ್ಟ್ರಕ್ಷನ್ ಕೂಡ ಇಲ್ಲ. ಕಂಪೈಲರ್ ಅದನ್ನ ಅಳಿಸಿಹಾಕಿತ್ತು. ಡೀಬಗ್ ಬಿಲ್ಡ್‌ನಲ್ಲಿ ಮಾತ್ರ ಅದು ಅಲ್ಲೇ ಕೂತಿತ್ತು. "ನಾನು ಅವತ್ತೇ ಹೇಳಿದ್ದೆ" ಅಂತ ಅವರು ಒಂದು ಸಲವೂ ಅನ್ನಲಿಲ್ಲ. ಅದು ಇನ್ನೂ ಜಾಸ್ತಿ ಚುಚ್ಚಿತು.

ಯಾಕೆ ಅಳಿಸಿತು?

ಸಿ ಭಾಷೆಯ ಸ್ಟ್ಯಾಂಡರ್ಡ್ ಮೊದಲು ಬಂದದ್ದು 1989ರಲ್ಲಿ. ಅದರಲ್ಲಿ ಖಚಿತವಾಗಿ ಹೇಳದೆ ಬಿಟ್ಟ ಜಾಗಗಳು ಮೂರು ಥರ.

ಒಂದು, ಇಂಪ್ಲಿಮೆಂಟೇಶನ್ ಡಿಫೈನ್ಡ್: ಕಂಪೈಲರ್ ತನಗೆ ಬೇಕಾದ್ದನ್ನ ಆರಿಸಬಹುದು, ಆದರೆ ಆರಿಸಿದ್ದನ್ನ ಬರೆದು ತಿಳಿಸಬೇಕು. ಇಂಟ್ ಎಷ್ಟು ಬಿಟ್ ಅನ್ನೋದು ಈ ಥರದ್ದು. ಎರಡು, ಅನ್‌ಸ್ಪೆಸಿಫೈಡ್: ಕೆಲವು ಆಯ್ಕೆಗಳಲ್ಲಿ ಯಾವುದಾದರೂ ಒಂದು, ತಿಳಿಸಬೇಕಾಗಿಲ್ಲ. ಫಂಕ್ಷನ್‌ನ ಆರ್ಗ್ಯುಮೆಂಟ್‌ಗಳಲ್ಲಿ ಮೊದಲು ಯಾವುದರ ಲೆಕ್ಕ ಮಾಡ್ತೀನಿ ಅನ್ನೋದು ಈ ಥರ. ಮೂರು, ಅನ್‌ಡಿಫೈನ್ಡ್: ಹೀಗೆ ಮಾಡಿದರೆ ಏನಾಗುತ್ತೆ ಅನ್ನೋದಕ್ಕೆ ಸ್ಟ್ಯಾಂಡರ್ಡ್ ಯಾವ ಕಟ್ಟುಪಾಡನ್ನೂ ಹಾಕಲ್ಲ. ಸೈನ್ಡ್ ಓವರ್‌ಫ್ಲೋ ಇಲ್ಲಿದೆ. ನಮ್ಮ ಐ ಪ್ಲಸ್ ಪ್ಲಸ್ ಪ್ರಶ್ನೆಯೂ ಇಲ್ಲೇ ಇದೆ. ಸೈನ್ಡ್ ಇಂಟಿಜರ್ ಸುತ್ತು ಹೊಡೆಯುತ್ತೆ ಅಂತ ಸ್ಟ್ಯಾಂಡರ್ಡ್ ಎಲ್ಲೂ ಬರೆದಿಲ್ಲ. ಹೊಡೆಯುತ್ತಿತ್ತು, ನಾವು ನೋಡಿ ನಂಬಿದ್ವಿ, ಅಷ್ಟೇ.

ಇದನ್ನ ಮದುವೆ ಮನೆಗೆ ತಗೊಂಡು ಹೋಗೋಣ. ಅಡುಗೆ ಭಟ್ಟರಿಗೆ ನೀವು ಬರೆದು ಕೊಟ್ಟಿದ್ದೀರಿ: "ನಮ್ಮ ಮದುವೆಗೆ 500 ಜನಕ್ಕಿಂತ ಒಬ್ಬರೂ ಹೆಚ್ಚು ಬರಲ್ಲ, ಇದು ನನ್ನ ಮಾತು." ಅದೇ ಚೀಟಿಯ ಕೊನೆಗೆ ಇನ್ನೊಂದು ಸಾಲು: "501ನೇಯವರು ಬಂದರೆ ಇನ್ನೊಂದು ಹಂಡೆ ಅನ್ನ ಇಡಿ." ಭಟ್ಟರು ಮೊದಲ ಮಾತನ್ನ ಪೂರ್ತಿ ನಂಬೋರು. 501ನೇಯವರು ಬರೋದೇ ಇಲ್ಲ ಅಂದ ಮೇಲೆ ಎರಡನೇ ಹಂಡೆ ಯಾಕೆ ಅಂತ ತರಿಸೋದೇ ಇಲ್ಲ. ನಮ್ಮ ಕಂಪೈಲರ್ ಮಾಡಿದ್ದು ಇದನ್ನೇ. ಸಿ ಬರೆಯೋದು ಅಂದ್ರೆ ಸೈನ್ಡ್ ಓವರ್‌ಫ್ಲೋ ಆಗಲ್ಲ ಅಂತ ಮಾತು ಕೊಟ್ಟ ಹಾಗೆ. ಓವರ್‌ಫ್ಲೋ ಆಗಲ್ಲ ಅಂದ ಮೇಲೆ, ಒಂದು ಸಂಖ್ಯೆಗೆ 3,00,000 ಕೂಡಿಸಿದರೆ ಅದು ಮೊದಲಿಗಿಂತ ಚಿಕ್ಕದಾಗೋಕೆ ಸಾಧ್ಯವೇ ಇಲ್ಲ. ಸಾಧ್ಯವೇ ಇಲ್ಲದ್ದನ್ನ ಪರೀಕ್ಷೆ ಮಾಡೋ ಸಾಲು ಯಾಕೆ? ಅಳಿಸು.

ಇದು ಕಂಪೈಲರ್ ಬರೆದವರ ಹಟ ಅಂತ ಅಂದುಕೊಳ್ಳಬೇಡಿ. 32 ಬಿಟ್ ಇಂಟ್ ಒಂದು ಲೂಪ್‌ನಲ್ಲಿ ಒಂದೊಂದೇ ಏರ್ತಾ ಅರೇ ಓದ್ತಿದೆ, ಯಂತ್ರದ ವಿಳಾಸಗಳು 64 ಬಿಟ್. ಇಂಟ್ ಸುತ್ತು ಹೊಡೆಯಬಹುದು ಅಂತಾದರೆ ಆ ಸಾಧ್ಯತೆಗಾಗಿ ಪ್ರತಿ ಸುತ್ತಿನಲ್ಲೂ ಕಂಪೈಲರ್ ಹೆಚ್ಚಿನ ಕೆಲಸ ಮಾಡಬೇಕಾಗಬಹುದು. ಹೊಡೆಯಲ್ಲ ಅಂತಾದರೆ ನೇರವಾಗಿ 64 ಬಿಟ್‌ನಲ್ಲೇ ಎಣಿಸಬಹುದು, ಲೂಪ್ ಎಷ್ಟು ಸಲ ತಿರುಗುತ್ತೆ ಅಂತ ಮುಂಚೆಯೇ ಲೆಕ್ಕ ಹಾಕಬಹುದು. ನಮಗೆ ಬೇಕಾದ ವೇಗ ಬರೋದೂ ಆ ಮಾತಿನಿಂದಲೇ, ನಮ್ಮ ಸಾಲು ಹೋಗೋದೂ ಆ ಮಾತಿನಿಂದಲೇ.

ಈ ತರ್ಕ ಒಳಗೆ ಹೇಗೆ ನಡೆಯುತ್ತೆ ಅಂತ ತಿಳೀಬೇಕಾದವರಿಗೆ ಒಂದು ಪುಸ್ತಕ ಹೇಳ್ತೀನಿ. 2009ರಲ್ಲಿ ಬಂದ 'ಡೇಟಾ ಫ್ಲೋ ಅನಾಲಿಸಿಸ್: ಥಿಯರಿ ಅಂಡ್ ಪ್ರಾಕ್ಟೀಸ್'. ಬರೆದವರು ಉದಯ್ ಖೇಡ್ಕರ್, ಅಮಿತಾಭ ಸನ್ಯಾಲ್, ಬಾಗೇಶ್ರೀ ಕರ್ಕರೆ. ಖೇಡ್ಕರ್ ಅವರು ಇದೇ ಪುಣೆ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿ ಆಮೇಲೆ ಐಐಟಿ ಬಾಂಬೆಗೆ ಹೋದವರು.

ನಾವೇ ಮೊದಲಿಗರಲ್ಲ

2007ರ ಜನವರಿ. ಜಿಸಿಸಿಯ ಬಗ್ ಪಟ್ಟಿಗೆ 30475ನೇ ನಂಬರಿನ ದೂರು ಬಂತು. ಇಂಟ್‌ಗೆ ನೂರು ಕೂಡಿಸಿದರೆ ಮೊದಲಿಗಿಂತ ದೊಡ್ಡದಾಗುತ್ತಾ ಅಂತ ನೋಡೋ ಪರೀಕ್ಷೆಯನ್ನ ಕಂಪೈಲರ್ ತೆಗೆದುಹಾಕ್ತಿದೆ, ಸುರಕ್ಷತೆಗೆ ಬರೆದ ಸಾಲುಗಳು ಹೋಗ್ತಿವೆ ಅಂತ. ದೊಡ್ಡ ಜಗಳವೇ ಆಯ್ತು. ಜಿಸಿಸಿಯವರ ಉತ್ತರ: ಇದು ಬಗ್ ಅಲ್ಲ, ನಿಮ್ಮ ಕೋಡ್ ತಪ್ಪು. ಮರುವರ್ಷ, 2008ರಲ್ಲಿ, ಪಾಯಿಂಟರ್‌ಗೆ ಉದ್ದ ಕೂಡಿಸಿ ಸುತ್ತು ಹೊಡೆಯಿತಾ ಅಂತ ನೋಡೋ ಪರೀಕ್ಷೆಗಳೂ ಹೀಗೇ ಹೋಗ್ತವೆ ಅಂತ ಅಮೆರಿಕದ ಸರ್ಟ್ ಸಂಸ್ಥೆ ಎಚ್ಚರಿಕೆ ಕೊಟ್ಟಿತು.

2009ರಲ್ಲಿ ಲಿನಕ್ಸ್ ಕರ್ನಲ್‌ಗೇ ಬಂತು. ಟನ್ ಅನ್ನೋ ವರ್ಚುವಲ್ ನೆಟ್‌ವರ್ಕ್ ಡ್ರೈವರ್. ಅದರಲ್ಲಿ ಮೊದಲು ಪಾಯಿಂಟರ್ ಮೂಲಕ ಒಂದು ಬೆಲೆ ಓದ್ತಾರೆ, ಮರುಸಾಲಿನಲ್ಲಿ ಆ ಪಾಯಿಂಟರ್ ನಲ್ ಆಗಿದೆಯಾ ಅಂತ ನೋಡ್ತಾರೆ. ಕಂಪೈಲರ್‌ನ ತರ್ಕ: ಓದಾಗಿದೆ ಅಂದ ಮೇಲೆ ಅದು ನಲ್ ಇರೋಕೆ ಸಾಧ್ಯವಿಲ್ಲ, ಪರೀಕ್ಷೆ ಬೇಡ. ಸಾಮಾನ್ಯವಾಗಿ ನಲ್ ಓದಿದರೆ ಅಲ್ಲೇ ಕುಸಿಯುತ್ತೆ. ಆದರೆ ದಾಳಿ ಮಾಡೋನು ಸೊನ್ನೆಯ ವಿಳಾಸದಲ್ಲಿ ತನ್ನದೇ ಮೆಮರಿ ಇಟ್ಟರೆ ಕುಸಿಯಲ್ಲ, ತಡೆಯೋ ಪರೀಕ್ಷೆಯೂ ಇಲ್ಲ, ಕರ್ನಲ್ ಅವನ ಕೈಗೆ. ಇದೇ ಸಿವಿಇ-2009-1897. ಆಮೇಲೆ ನಲ್ ಪರೀಕ್ಷೆ ಅಳಿಸಬೇಡ ಅಂತ ಜಿಸಿಸಿಗೆ ಹೇಳೋ ಆಯ್ಕೆ ಹಾಕಿಯೇ ಕರ್ನಲ್ ಕಟ್ಟೋ ಪದ್ಧತಿ ಬಂತು.

2013ರಲ್ಲಿ ಎಂಐಟಿಯವರು ಸ್ಟ್ಯಾಕ್ ಅನ್ನೋ ಸಾಧನ ಮಾಡಿ, ಆಪ್ಟಿಮೈಸರ್ ಅಳಿಸಬಹುದಾದ ಇಂಥ ಸಾಲುಗಳನ್ನ ಹುಡುಕಿದ್ರು. ಡೆಬಿಯನ್ ಲಿನಕ್ಸ್‌ನ ಸಿ ಮತ್ತು ಸಿ ಪ್ಲಸ್ ಪ್ಲಸ್ ಇರೋ 8,575 ಪ್ಯಾಕೇಜುಗಳಲ್ಲಿ 3,471ರಲ್ಲಿ ಕನಿಷ್ಠ ಒಂದಾದರೂ ಸಿಕ್ತು. ಹತ್ತಕ್ಕೆ ನಾಲ್ಕು. ಬರೆದವರೆಲ್ಲ ದಡ್ಡರಾ? ಅಲ್ಲ. ಅವರ ಹತ್ತಿರವೂ ಅದು ನಡೀತಿತ್ತು.

ತಪ್ಪು ಯಾರದ್ದು?

ಕಾಗದದ ಮೇಲೆ ನಮ್ಮದೇ. ಆದರೆ ಅಲ್ಲಿಗೆ ಮುಗಿಯಲ್ಲ. 2010ರ ಇನ್ನೊಂದು ಪ್ರಕರಣ ಹೇಳ್ತೀನಿ. ಇದು ಲೈಬ್ರರಿಯದ್ದು, ಆದರೆ ಪಾಠ ಒಂದೇ. ಮೆಮ್‌ಕಾಪಿ ಅನ್ನೋ ಫಂಕ್ಷನ್‌ಗೆ ಒಂದರ ಮೇಲೊಂದು ಹಾಯೋ ಜಾಗಗಳನ್ನ ಕೊಡಬಾರದು, ಅದಕ್ಕೆ ಮೆಮ್‌ಮೂವ್ ಬೇರೆ ಇದೆ ಅನ್ನೋದು ನಿಯಮ. ಆದರೂ ಕೊಟ್ಟರೆ ಎಷ್ಟೋ ಕಡೆ ಸರಿಯಾಗೇ ನಡೀತಿತ್ತು. ಜಿಲಿಬ್‌ಸಿಯ ಹೊಸ ಮೆಮ್‌ಕಾಪಿ ವೇಗಕ್ಕಾಗಿ ಕೆಲವು ಪ್ರೊಸೆಸರ್‌ಗಳಲ್ಲಿ ಹಿಂದಿನಿಂದ ಮುಂದಕ್ಕೆ ನಕಲು ಮಾಡೋಕೆ ಶುರು ಮಾಡಿತು. ಫೆಡೋರಾ 14 ಹಾಕಿಕೊಂಡವರಿಗೆ ಫ್ಲಾಶ್ ಪ್ಲೇಯರ್‌ನ ಧ್ವನಿ ಕೆಟ್ಟುಹೋಯ್ತು. ತಪ್ಪು ಫ್ಲಾಶ್‌ದು ಅಂತ ಒಂದು ಪಕ್ಷ. ಬಳಸೋರಿಗೆ ನಿಯಮ ಬೇಕಿಲ್ಲ, ನಿನ್ನೆ ನಡೆದದ್ದು ಇವತ್ತು ಕೆಟ್ಟರೆ ಅದು ಕೆಟ್ಟ ಹಾಗೇ ಅಂತ ಇನ್ನೊಂದು ಪಕ್ಷ, ಲೈನಸ್ ಟೊರ್ವಾಲ್ಡ್ಸ್ ಈ ಕಡೆ. ಕೊನೆಗೆ ಜಿಲಿಬ್‌ಸಿ 2.14ರಲ್ಲಿ ರಾಜಿಯಾಯ್ತು: ಹಳೆಯ ಪ್ರೋಗ್ರಾಂಗಳಿಗೆ ಮೆಮ್‌ಮೂವ್‌ನ ನಡವಳಿಕೆ, ಹೊಸದಾಗಿ ಕಟ್ಟಿದವಕ್ಕೆ ಹೊಸ ಮೆಮ್‌ಕಾಪಿ.

ನನಗೆ ಎರಡೂ ಕಡೆ ನ್ಯಾಯ ಕಾಣುತ್ತೆ. ಆದರೆ ಆ ಡೈರಿಯವನಿಗೆ ಸ್ಟ್ಯಾಂಡರ್ಡಿನ ಪುಟ ತೋರಿಸೋಕೆ ಆಗಲ್ಲ. ಅವನ ಹಾಲಿಗೂ ಕಂಪೈಲರ್‌ಗೂ ನಡುವೆ ಇದ್ದವನು ನಾನು. ಕೇಳಿದವರನ್ನ ಸುಮ್ಮನಾಗಿಸಿದವನೂ ನಾನೇ.

ಹಾಗೆ ಸುಮ್ಮನಾಗಿಸೋ ಅಭ್ಯಾಸ ಎಲ್ಲಿಂದ ಬಂತು? ನಾವು ಕಲಿತದ್ದು 1990ರ ದಶಕದ ಆರಂಭದ ಟರ್ಬೊ ಸಿ ಪ್ಲಸ್ ಪ್ಲಸ್‌ನಲ್ಲಿ. ನೀಲಿ ಪರದೆ, ವಾಯ್ಡ್ ಮೇನ್, ಕ್ಲಿಯರ್‌ಸ್ಕ್ರೀನ್. ವಿಂಡೋಸ್ ಬದಲಾದರೂ ಡಾಸ್‌ಬಾಕ್ಸ್ ಹಾಕಿ ಅದನ್ನೇ ನಡೆಸಿದ್ವಿ. ಅಲ್ಲಿ ಇಂಟ್ 16 ಬಿಟ್. 32,767ಕ್ಕೆ ಒಂದು ಕೂಡಿಸಿದರೆ ಮೈನಸ್ 32,768. ಇದನ್ನ ನಿಯಮ ಅಂತ ನೋಟ್ಸ್‌ನಲ್ಲಿ ಬರೆದುಕೊಂಡ್ವಿ. ನಲ್ ಪಾಯಿಂಟರ್‌ಗೆ ಬರೆದರೂ ಎಷ್ಟೋ ಸಲ ಪ್ರೋಗ್ರಾಂ ಸಾಯ್ತಿರಲಿಲ್ಲ, ಮುಗಿಯೋವಾಗ 'ನಲ್ ಪಾಯಿಂಟರ್ ಅಸೈನ್‌ಮೆಂಟ್' ಅಂತ ಒಂದು ಸಾಲು ಬರ್ತಿತ್ತು. ಔಟ್‌ಪುಟ್ ಬಂತಾ, ಅದೇ ಉತ್ತರ. ಒಂದು ಕಂಪೈಲರ್‌ನ ಅಭ್ಯಾಸವನ್ನ ಭಾಷೆಯ ನಿಯಮ ಅಂತ ಕಲಿತ್ವಿ. ಮಜಾ ಅಂದ್ರೆ ಅದೇ ಐ ಪ್ಲಸ್ ಪ್ಲಸ್ ಪ್ರಶ್ನೆಯನ್ನ ಜಾವಾದಲ್ಲಿ ಕೇಳಿದರೆ ಉತ್ತರ ಇದೆ, ಯಾಕಂದ್ರೆ ಎಡದಿಂದ ಬಲಕ್ಕೆ ಅಂತ ಜಾವಾ ಬರೆದಿಟ್ಟಿದೆ. 5ರಿಂದ ಶುರು ಮಾಡಿದರೆ 5 ಮತ್ತು 7, ಒಟ್ಟು 12. ಭಾಷೆ ಮಾತು ಕೊಟ್ಟಿದೆಯಾ ಇಲ್ಲವಾ, ವ್ಯತ್ಯಾಸ ಅಷ್ಟೇ.

ಈಗ ಏನು ಮಾಡ್ತೀವಿ

ನಾವು ಬದಲಾಯಿಸಿದ್ದನ್ನ ಹೇಳ್ತೀನಿ. ಸೋಮವಾರ ನೀವೂ ಮಾಡಬಹುದು.

ಒಂದು, ಸಮಯದ ಎಣಿಕೆಯನ್ನ ಅನ್‌ಸೈನ್ಡ್ ಮಾಡಿ. ಅನ್‌ಸೈನ್ಡ್ ಸಂಖ್ಯೆ ಸುತ್ತು ಹೊಡೆಯುತ್ತೆ ಅಂತ ಸ್ಟ್ಯಾಂಡರ್ಡ್ ಬರೆದು ಕೊಟ್ಟಿದೆ. 'ಕೊನೆ' ಅಂತ ಇಟ್ಟುಕೊಳ್ಳಲೇಬೇಡಿ. 'ಈಗ'ದಿಂದ 'ಶುರು'ವನ್ನ ಕಳೆಯಿರಿ, ಬಂದದ್ದು 3,00,000ಕ್ಕಿಂತ ಕಡಿಮೆ ಇದ್ದರೆ ಇನ್ನೂ ಕಾಯಿರಿ. ನಡುವೆ ಒಂದು ಸಲ ಸುತ್ತು ಹೊಡೆದರೂ ಲೆಕ್ಕ ಸರಿ ಬರುತ್ತೆ. ನಮ್ಮ ಜಾಣ ಸಾಲಿನ ಅಗತ್ಯವೇ ಬೀಳಲಿಲ್ಲ.

ಎರಡು, ಸುತ್ತು ಹೊಡೆಯೋ ಗಳಿಗೆಗೆ 24 ದಿನ ಕಾಯಬೇಡಿ. ಲಿನಕ್ಸ್ ಕರ್ನಲ್‌ನಲ್ಲಿ ಜಿಫಿಸ್ ಅನ್ನೋ ಎಣಿಕೆ ಸೊನ್ನೆಯಿಂದ ಶುರುವಾಗಲ್ಲ. ಬೂಟ್ ಆಗಿ ಐದು ನಿಮಿಷಕ್ಕೇ 32 ಬಿಟ್ ಸುತ್ತು ಹೊಡೆಯೋ ಹಾಗೆ ಬೇಕಂತಲೇ ಇಟ್ಟಿದ್ದಾರೆ, ಇಂಥ ಬಗ್ ಎಲ್ಲರ ಕಣ್ಣಿಗೆ ಬೀಳಲಿ ಅಂತ. ನಾವು ಅದನ್ನ ಕದ್ದೆವು. (ನಗು) ಮೊದಲೇ ಕದ್ದಿದ್ರೆ ಹಾಲು ಉಳೀತಿತ್ತು.

ಮೂರು, ಅನ್‌ಡಿಫೈನ್ಡ್ ಬಿಹೇವಿಯರ್ ಸ್ಯಾನಿಟೈಸರ್. ಕ್ಲಾಂಗ್‌ನಲ್ಲಿದೆ, ಜಿಸಿಸಿಯಲ್ಲಿ 2014ರ 4.9ರಿಂದ ಇದೆ. ನಮ್ಮ ಪುಟ್ಟ ಚಿಪ್‌ನಲ್ಲಿ ಅದಕ್ಕೆ ಜಾಗ ಇಲ್ಲ. ಆದರೆ ಅದೇ ಸಿ ಕೋಡನ್ನ ಲ್ಯಾಪ್‌ಟಾಪಿನಲ್ಲಿ ಕಟ್ಟಿ ಟೆಸ್ಟ್ ನಡೆಸಬಹುದು. ಓವರ್‌ಫ್ಲೋ ಆದ ಸಾಲಿನ ನಂಬರ್ ಸಮೇತ ಹೇಳುತ್ತೆ. ಕಂಪೈಲರ್‌ನ ವಾರ್ನಿಂಗ್‌ಗಳನ್ನ ಚಾಲೂ ಇಟ್ಟರೆ ಆ ಐ ಪ್ಲಸ್ ಪ್ಲಸ್ ಪ್ರಶ್ನೆಯನ್ನ ಅದೇ ಹಿಡಿದು ಬೈಯುತ್ತೆ.

ನಾಲ್ಕು, ಸ್ಟ್ಯಾಟಿಕ್ ಅನಾಲಿಸಿಸ್. ಈ ಊರಲ್ಲಿ ಇದಕ್ಕೆ ಹಳೆಯ ಬೇರಿದೆ. 1981ರಲ್ಲಿ ಶುರುವಾದ ಟಾಟಾದ ಟಿಆರ್‌ಡಿಡಿಸಿ ಸಂಶೋಧನಾ ಕೇಂದ್ರ ಪುಣೆಯದ್ದೇ, ಅಲ್ಲಿ ಎಂಬೆಡೆಡ್ ಕೋಡ್ ಪರೀಕ್ಷಿಸೋ ಸಾಧನಗಳ ಮೇಲೆ ಕೆಲಸ ನಡೆದಿದೆ. ಪಿಂಪ್ರಿ-ಚಿಂಚವಡ, ಚಾಕಣದ ವಾಹನ ಕಂಪನಿಗಳಿಗೆ ಕೋಡ್ ಬರೆಯೋರಿಗೆ ಮಿಸ್ರಾ ಸಿ ನಿಯಮಗಳು ಬಾಯಿಪಾಠ. 1998ರಲ್ಲಿ ಅವನ್ನ ಮಾಡಿದ್ದೇ ವಾಹನ ಉದ್ಯಮಕ್ಕೆ. "ಕಾರಿಗೆ ಸರಿ, ಹಾಲಿನ ಟ್ಯಾಂಕಿಗೆ ಯಾಕೆ?" ಅಂತ ನಾವು ಅನ್ನುತ್ತಿದ್ವಿ. ಈಗ ಅನ್ನಲ್ಲ.

ಐದು, ಹಳೆಯ ಕೋಡ್ ರಾಶಿ ಇದೆ, ಇವತ್ತೇ ತಿದ್ದೋಕೆ ಆಗಲ್ಲ ಅಂತಾದರೆ ಜಿಸಿಸಿಗೂ ಕ್ಲಾಂಗ್‌ಗೂ ಎಫ್‌-ರ‍್ಯಾಪ್‌-ವಿ ಅನ್ನೋ ಆಯ್ಕೆ ಕೊಡಿ. ಸೈನ್ಡ್ ಓವರ್‌ಫ್ಲೋ ಸುತ್ತು ಹೊಡೆಯುತ್ತೆ ಅಂತ ಕಂಪೈಲರ್ ಆಗ ಮಾತು ಕೊಡುತ್ತೆ. ಇದು ಮುರಿದ ಕಾಲಿಗೆ ಕಟ್ಟಿದ ಪಟ್ಟಿ. ಆದರೆ ಕಟ್ಟದೆ ಓಡಾಡೋದಕ್ಕಿಂತ ವಾಸಿ. ಮುಂದೆ ಭಾಷೆಯೇ ತಿದ್ದಿಕೊಳ್ಳುತ್ತೆ ಅಂತ ಕಾಯಬೇಡಿ. ಋಣ ಸಂಖ್ಯೆಯನ್ನ ಟೂಸ್ ಕಾಂಪ್ಲಿಮೆಂಟ್‌ನಲ್ಲೇ ಇಡಬೇಕು ಅಂತ ಸಿ-23 ಹೇಳಿದೆ, ಸೈನ್ಡ್ ಓವರ್‌ಫ್ಲೋ ಮಾತ್ರ ಈಗಲೂ ಅನ್‌ಡಿಫೈನ್ಡ್.

ಕೊನೆಯದು ಸಾಧನ ಅಲ್ಲ, ಮಾತು. ನಮ್ಮ ರಿವ್ಯೂನಲ್ಲಿ ಈಗ "ನಡೀತಿದೆಯಲ್ಲ" ಅನ್ನೋದು ಉತ್ತರ ಅಲ್ಲ. ನಡೀತಿದೆ ಅಂದ್ರೆ ಈ ಕಂಪೈಲರ್‌ನಲ್ಲಿ, ಈ ಚಿಪ್‌ನಲ್ಲಿ, ಈ ತನಕ ನಡೆದಿದೆ ಅಂತ ಮಾತ್ರ. ನಾಳೆಯೂ ನಡೆಯುತ್ತೆ ಅಂತ ಯಾರು ಬರೆದು ಕೊಟ್ಟಿದ್ದಾರೆ, ಎಲ್ಲಿ ಬರೆದಿದ್ದಾರೆ, ಆ ಪುಟ ತೋರಿಸಬೇಕು. ಹೊಸದಾಗಿ ಸೇರಿದವರು ಕೇಳಿದರೆ ಹತ್ತು ವರ್ಷದ ಅನುಭವದವರೂ ತೋರಿಸಬೇಕು.

ಈ ನಿಯಮ ಮಾಡಿದವರು ಅದೇ ಗದಗಿನವರು. ಮೊದಲ ಸಲ ಇದರಲ್ಲಿ ಸಿಕ್ಕಿಬಿದ್ದವನು ನಾನು, ಮೂರೇ ದಿನಕ್ಕೆ. (ನಗು) "ಪುಟ ತೋರಿಸ್ರಿ ಸರ್" ಅಂದ್ರು. ಹುಡುಕಿದೆ, ಇರಲಿಲ್ಲ. ಸಾಲು ತಿದ್ದಿದೆ.

ಅಷ್ಟೇ. ಪ್ರಶ್ನೆ ಇದ್ದರೆ ಕೇಳಿ. ಉತ್ತರ ಗೊತ್ತಿಲ್ಲದಿದ್ರೆ ಈ ಸಲ ಬಿಡು ಅನ್ನಲ್ಲ.